ಚುನಾವಣೆ ಮುಗಿದ ಮೇಲಿನ ಆಯ್ಕೆ: ಅಮೆರಿಕದ ಅಧ್ಯಕ್ಷರು ಸಂಪುಟ ಕಟ್ಟುವ ಬಗೆ

ಅಮೆರಿಕದ ಅಧ್ಯಕ್ಷೀಯ ಚುನಾವಣೆ ನಡೆಯುವುದು ನವೆಂಬರ್ ತಿಂಗಳ ಮೊದಲ ಸೋಮವಾರದ ಮರುದಿನ. ಗೆದ್ದವರು ಅಧಿಕಾರ ವಹಿಸಿಕೊಳ್ಳುವುದು ಜನವರಿ 20ರ ಮಧ್ಯಾಹ್ನ ಹನ್ನೆರಡಕ್ಕೆ. ನಡುವೆ ಸಿಗುವ ಸುಮಾರು ಹನ್ನೊಂದು ವಾರಗಳಲ್ಲಿ ಹದಿನೈದು ಇಲಾಖೆಗಳಿಗೆ ಮುಖ್ಯಸ್ಥರನ್ನು ಹುಡುಕಬೇಕು, ಅವರನ್ನು ಒಪ್ಪಿಸಬೇಕು, ಪೂರ್ವಾಪರ ಜಾಲಾಡಬೇಕು, ಹೆಸರು ಪ್ರಕಟಿಸಬೇಕು, ಸೆನೆಟ್ ಸಮಿತಿಗಳ ಎದುರು ಕೂರಿಸಬೇಕು. ಹಿಂದೆ ಇಷ್ಟು ಆತುರವಿರಲಿಲ್ಲ. ಕುದುರೆಗಾಡಿಯ ಕಾಲದಲ್ಲಿ ಗೊತ್ತಾದ ಮಾರ್ಚ್ 4ರ ಮುಹೂರ್ತ 1933ರವರೆಗೂ ನಡೆದುಬಂತು. ಆ ವರ್ಷ ಅಂಗೀಕಾರವಾದ 20ನೇ ತಿದ್ದುಪಡಿ ಅದನ್ನು ಜನವರಿಗೆ ತಂದಿತು. ತಿದ್ದುಪಡಿಯ ಅಗತ್ಯ ಅದೇ ಚಳಿಗಾಲದಲ್ಲಿ ಎಲ್ಲರ ಕಣ್ಣಿಗೂ ಬಿತ್ತು: ಸೋತ ಹೂವರ್ ಕುರ್ಚಿಯಲ್ಲಿದ್ದರು, ಗೆದ್ದ ರೂಸ್‌ವೆಲ್ಟ್ ಹೊರಗೆ ಕಾಯುತ್ತಿದ್ದರು, ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು.

ಅಮೆರಿಕದ ಸಂವಿಧಾನ ಸಂಪುಟವೆಂಬ ಸಂಸ್ಥೆಯನ್ನು ರಚಿಸಿಲ್ಲ. ಅದರ ಎರಡನೇ ವಿಧಿ ಹೇಳುವುದು ಎರಡೇ ಮಾತು. ಇಲಾಖೆಗಳ ಮುಖ್ಯಾಧಿಕಾರಿಗಳಿಂದ ಅಧ್ಯಕ್ಷರು ಲಿಖಿತ ಅಭಿಪ್ರಾಯ ಕೇಳಬಹುದು. ದೊಡ್ಡ ಹುದ್ದೆಗಳಿಗೆ ಸೆನೆಟ್ಟಿನ ಸಲಹೆ ಮತ್ತು ಸಮ್ಮತಿ ಪಡೆದು ನೇಮಕ ಮಾಡಬೇಕು. ಉಳಿದುದೆಲ್ಲ ರೂಢಿ. ಆ ರೂಢಿಯ ಬಹುಪಾಲು ಜಾರ್ಜ್ ವಾಷಿಂಗ್ಟನ್ ಅವರ ಕಾಲದ್ದು, ಅದರಲ್ಲೂ ಒಂದು ಮುಖಭಂಗದಿಂದ ಹುಟ್ಟಿದ್ದು. 1789ರ ಆಗಸ್ಟ್ 22ರಂದು ವಾಷಿಂಗ್ಟನ್ ಸ್ವತಃ ಸೆನೆಟ್‌ಗೆ ಹೋಗಿ, ಮೂಲನಿವಾಸಿ ಬುಡಕಟ್ಟುಗಳೊಂದಿಗಿನ ಒಪ್ಪಂದದ ವಿಚಾರದಲ್ಲಿ ಸಲಹೆ ಕೇಳಿದರು. ಸೆನೆಟರುಗಳು ಅಲ್ಲಿಯೇ ಉತ್ತರಿಸಲು ಒಪ್ಪದೆ ವಿಷಯವನ್ನು ಸಮಿತಿಗೆ ಒಪ್ಪಿಸುವ ಮಾತಾಡಿದರು. ಅಧ್ಯಕ್ಷರು ಸಿಡಿಮಿಡಿಗೊಂಡು ಎದ್ದು ಹೋದರು. ಎರಡು ದಿನ ಬಿಟ್ಟು ಮತ್ತೆ ಬಂದು ಆ ಕೆಲಸ ಮುಗಿಸಿದರೂ ಸಲಹೆ ಕೇಳಲು ಆ ಕಡೆ ಮತ್ತೆಂದೂ ತಲೆಹಾಕಲಿಲ್ಲ. ಸೆನೆಟ್ಟಿನ ಪಾಲಿಗೆ ಸಮ್ಮತಿಯೊಂದೇ ಉಳಿಯಿತು. ಸಲಹೆಗೆ ಅಧ್ಯಕ್ಷರು ತಮ್ಮ ಇಲಾಖಾ ಮುಖ್ಯಸ್ಥರನ್ನೇ ಕರೆಯತೊಡಗಿದರು.

ಆಗ ಇದ್ದ ಇಲಾಖೆಗಳು ಮೂರು. ವಿದೇಶಾಂಗಕ್ಕೆ ಥಾಮಸ್ ಜೆಫರ್ಸನ್, ಖಜಾನೆಗೆ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಯುದ್ಧ ಇಲಾಖೆಗೆ ಹೆನ್ರಿ ನಾಕ್ಸ್. ಇಲಾಖೆಯೇ ಇಲ್ಲದ ಅಟಾರ್ನಿ ಜನರಲ್ ಆಗಿ ಎಡ್ಮಂಡ್ ರ್‍ಯಾಂಡಾಲ್ಫ್. ಹ್ಯಾಮಿಲ್ಟನ್ ಹೆಸರು ಸೆಪ್ಟೆಂಬರ್ 11ರಂದು ಸೆನೆಟ್‌ಗೆ ಹೋಯಿತು, ಅದೇ ದಿನ ಒಪ್ಪಿಗೆಯೂ ಸಿಕ್ಕಿತು. ಜೆಫರ್ಸನ್ ಅವರ ಕಥೆ ಇನ್ನೂ ಸೊಗಸು: ಅವರು ಫ್ರಾನ್ಸಿನಲ್ಲಿದ್ದರು, ತಾವು ವಿದೇಶಾಂಗ ಸಚಿವರಾಗಿ ಆಯ್ಕೆಯಾಗಿರುವುದು ಅವರಿಗೆ ತಿಳಿದದ್ದು ಹಡಗು ಇಳಿದ ಮೇಲೆ. ಅರ್ಜಿಯಿಲ್ಲ, ತಪಾಸಣೆಯಿಲ್ಲ, ಅಭ್ಯರ್ಥಿಯ ಒಪ್ಪಿಗೆಯೂ ಇಲ್ಲ. ಇವರೆಲ್ಲ ಒಟ್ಟಾಗಿ ಕುಳಿತು ಚರ್ಚಿಸಿದ ಮೊದಲ ಸಭೆ ನಡೆದದ್ದು 1791ರ ನವೆಂಬರ್ 26ರಂದು. ಜೆಫರ್ಸನ್, ಹ್ಯಾಮಿಲ್ಟನ್ ಇಬ್ಬರ ಜಗಳ ಅಮೆರಿಕದ ಮೊದಲ ಎರಡು ಪಕ್ಷಗಳನ್ನೇ ಹುಟ್ಟುಹಾಕಿತು. ಪರಸ್ಪರ ಒಪ್ಪದವರನ್ನು ಒಂದೇ ಮೇಜಿಗೆ ಕೂರಿಸಿದರೆ ಏನಾಗುತ್ತದೆಂಬುದು ಮೊದಲ ಸಂಪುಟದಲ್ಲೇ ಗೊತ್ತಾಯಿತು.

ಕರ್ನಾಟಕದ ಓದುಗರಿಗೆ ಸಂಪುಟ ರಚನೆಯೆಂದರೆ ಬೇರೆಯೇ ಚಿತ್ರ. ಇಲ್ಲಿ ಮಂತ್ರಿಯಾಗುವವರು ಶಾಸಕರಾಗಿರಬೇಕು, ಇಲ್ಲವೇ ಆರು ತಿಂಗಳಲ್ಲಿ ಆಗಬೇಕು. 91ನೇ ತಿದ್ದುಪಡಿ ಹಾಕಿದ ಶೇಕಡ 15ರ ಮಿತಿಯಿಂದ 224 ಸದಸ್ಯರ ವಿಧಾನಸಭೆಯಲ್ಲಿ ಮುಖ್ಯಮಂತ್ರಿಯೂ ಸೇರಿ 34 ಜನರಿಗಷ್ಟೇ ಅವಕಾಶ. ಜಿಲ್ಲೆ, ಜಾತಿ, ಬಣ, ಹಿರಿತನಗಳ ಲೆಕ್ಕ ಹಾಕಿ ಪಟ್ಟಿ ಹಿಡಿದು ದೆಹಲಿಗೆ ಎಡತಾಕುವುದೂ ಈ ಚಿತ್ರದ್ದೇ ಭಾಗ. ಅಮೆರಿಕದಲ್ಲಿ ನಿಯಮ ಇದಕ್ಕೆ ತದ್ವಿರುದ್ಧ. ಸಂವಿಧಾನದ ಮೊದಲನೇ ವಿಧಿಯ ಪ್ರಕಾರ ಕಾಂಗ್ರೆಸ್ಸಿನ ಯಾವ ಸದಸ್ಯರೂ ಸರ್ಕಾರದ ಹುದ್ದೆ ಹಿಡಿಯುವಂತಿಲ್ಲ. ಸೆನೆಟರ್ ಒಬ್ಬರು ಸಚಿವರಾಗಬೇಕಾದರೆ ಸೆನೆಟ್ ಸ್ಥಾನ ಬಿಟ್ಟೇ ಬರಬೇಕು. ಸಂಪುಟದಿಂದ ಕೈಬಿಟ್ಟ ಮಂತ್ರಿ ಕರ್ನಾಟಕದಲ್ಲಿ ಶಾಸಕರಾಗಿ ಉಳಿಯುತ್ತಾರೆ, ಬೆಂಬಲಿಗರನ್ನು ಕಟ್ಟಿಕೊಂಡು ಮುಖ್ಯಮಂತ್ರಿಯ ನಿದ್ದೆಗೆಡಿಸಲೂಬಹುದು. ಅಮೆರಿಕದ ಸಚಿವರು ಕೆಲಸ ಕಳೆದುಕೊಂಡರೆ ಮನೆಗೆ ಹೋಗುತ್ತಾರೆ. ಅವರನ್ನು ತೆಗೆಯಲು ಸೆನೆಟ್ಟಿನ ಒಪ್ಪಿಗೆ ಬೇಕೆಂದು ಕಾಂಗ್ರೆಸ್ 1867ರಲ್ಲಿ ಕಾನೂನು ಮಾಡಿತು. ಅದನ್ನು ಮೀರಿ ಯುದ್ಧ ಸಚಿವ ಎಡ್ವಿನ್ ಸ್ಟಾಂಟನ್ ಅವರನ್ನು ತೆಗೆಯಹೊರಟ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ 1868ರಲ್ಲಿ ವಾಗ್ದಂಡನೆಗೆ ಗುರಿಯಾಗಿ, ಒಂದೇ ಮತದ ಅಂತರದಲ್ಲಿ ಬಚಾವಾದರು. ಆ ಕಾನೂನು 1887ರಲ್ಲಿ ರದ್ದಾಯಿತು. ವಜಾ ಮಾಡುವ ಅಧಿಕಾರ ಅಧ್ಯಕ್ಷರದೇ ಎಂದು ಸುಪ್ರೀಂ ಕೋರ್ಟ್ 1926ರಲ್ಲಿ ಮೈಯರ್ಸ್ ಪ್ರಕರಣದಲ್ಲಿ ತೀರ್ಪಿತ್ತಿತು.

ಅಮೆರಿಕದ ಸಂಪುಟದ ಮುಖ್ಯ ಲಕ್ಷಣ ಇರುವುದು ಇಲ್ಲಿಯೇ. ಸಚಿವರಿಗೆ ಸದನದಲ್ಲಿ ಸ್ಥಾನವಿಲ್ಲ, ಸ್ವಂತ ಕ್ಷೇತ್ರವಿಲ್ಲ, ಸಾಮೂಹಿಕ ಹೊಣೆಯಿಲ್ಲ. ಸಂಪುಟದಲ್ಲಿ ಮತಕ್ಕೆ ಹಾಕಿದರೂ ಅದು ಅಧ್ಯಕ್ಷರನ್ನು ಕಟ್ಟಿಹಾಕುವುದಿಲ್ಲ. ಹುದ್ದೆಗೆ ಬಂದ ಮೇಲೆ ಅವರು ಒಬ್ಬ ವ್ಯಕ್ತಿಯ ಮರ್ಜಿಗೆ ಒಳಪಟ್ಟವರು. ಹಾಗಾಗಿ ಹೊರಗಿನವರು ಅವರನ್ನು ತಡೆಯಬಹುದಾದ ಗಟ್ಟಿ ಅವಕಾಶವೆಂದರೆ ನೇಮಕದ ಸಮಯ ಮಾತ್ರ. ಅಲ್ಲಿನ ಆಯ್ಕೆ ಪ್ರಕ್ರಿಯೆ ಭಾರತದ ಕಣ್ಣಿಗೆ ಅತಿಯೆನಿಸುವಷ್ಟು ಜಟಿಲವಾಗಿರುವುದು ಈ ಕಾರಣಕ್ಕೇ.

ಸೆನೆಟರುಗಳ ಮೇಲೆ ಇನ್ನೊಂದು ನಿರ್ಬಂಧವೂ ಇದೆ. ತಮ್ಮ ಅವಧಿಯಲ್ಲಿ ಯಾವ ಹುದ್ದೆಯ ಸಂಬಳ ಏರಿತೋ ಆ ಅವಧಿ ಮುಗಿಯುವವರೆಗೆ ಆ ಹುದ್ದೆಗೆ ಅವರು ನೇಮಕವಾಗುವಂತಿಲ್ಲ. 1973ರಲ್ಲಿ ನಿಕ್ಸನ್ ಅವರು ಒಹಾಯೊದ ಸೆನೆಟರ್ ವಿಲಿಯಂ ಸ್ಯಾಕ್ಸ್‌ಬಿ ಅವರನ್ನು ಅಟಾರ್ನಿ ಜನರಲ್ ಮಾಡಲು ಹೊರಟಾಗ ಇದೇ ಅಡ್ಡಬಂತು. ಕಾಂಗ್ರೆಸ್ ಆ ಹುದ್ದೆಯ ವಾರ್ಷಿಕ ಸಂಬಳವನ್ನು 60,000 ಡಾಲರಿನಿಂದ ಹಿಂದಿನ 35,000ಕ್ಕೆ ಇಳಿಸಿ ದಾರಿ ಮಾಡಿಕೊಟ್ಟಿತು. ಹಿಲರಿ ಕ್ಲಿಂಟನ್ 2009ರಲ್ಲಿ ವಿದೇಶಾಂಗ ಸಚಿವೆಯಾದದ್ದೂ ಇದೇ ಉಪಾಯದಿಂದ. ಸಂವಿಧಾನದ ಅಕ್ಷರಕ್ಕೆ ತಲೆಬಾಗಿ ಅದರ ಆಶಯದ ಪಕ್ಕದಿಂದ ನುಸುಳುವ ಕಲೆ ಎಲ್ಲ ದೇಶಗಳ ವಕೀಲರಿಗೂ ಗೊತ್ತು.

ಹೆಸರುಗಳು ಎಲ್ಲಿಂದ ಬರುತ್ತವೆ ಎಂಬುದಕ್ಕೆ 1960ರ ಕೆನಡಿ ಸಂಪುಟ ಒಳ್ಳೆಯ ನಿದರ್ಶನ. ಗೆಲುವಿನ ಅಂತರ ತೀರಾ ಕಡಿಮೆಯಿದ್ದ ಕೆನಡಿಗೆ ಅನುಭವಿಗಳ ಹೆಸರು ಬೇಕಿತ್ತು. ಟ್ರೂಮನ್ ಕಾಲದಲ್ಲಿ ರಕ್ಷಣಾ ಸಚಿವರಾಗಿದ್ದ ರಾಬರ್ಟ್ ಲವೆಟ್ ಅವರಿಗೆ ವಿದೇಶಾಂಗ, ರಕ್ಷಣೆ, ಖಜಾನೆ, ಈ ಮೂರರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಿ ಎಂದರು. ಲವೆಟ್ ಅನಾರೋಗ್ಯದ ಕಾರಣ ಹೇಳಿ ಮೂರನ್ನೂ ಒಲ್ಲೆನೆಂದರು, ಬದಲಿಗೆ ಬೇರೆಯವರ ಹೆಸರು ಸೂಚಿಸಿದರು. ಆ ಪೈಕಿ ಒಂದು ರಾಬರ್ಟ್ ಮೆಕ್‌ನಮಾರ. ಮತದಾನದ ಮರುದಿನವಷ್ಟೇ ಫೋರ್ಡ್ ಕಂಪನಿಯ ಅಧ್ಯಕ್ಷರಾಗಿದ್ದ ಮೆಕ್‌ನಮಾರ ಅವರನ್ನು ಕೆನಡಿ ಅದುವರೆಗೆ ಕಂಡಿರಲೇ ಇಲ್ಲ. ಕೆನಡಿಯ ಭಾವ ಸಾರ್ಜೆಂಟ್ ಶ್ರೈವರ್ ಡೆಟ್ರಾಯಿಟ್‌ಗೆ ಹೋಗಿ ಖಜಾನೆ ಅಥವಾ ರಕ್ಷಣೆ, ಯಾವುದಾದರೂ ಸರಿ ಎಂದರು. ತಾನು ಎರಡಕ್ಕೂ ಯೋಗ್ಯನಲ್ಲ ಎಂಬುದು ಮೆಕ್‌ನಮಾರ ಉತ್ತರ. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಬಡಾವಣೆಯ ಮನೆಯಲ್ಲಿ ಭೇಟಿಯಾದಾಗ ಅದೇ ಮಾತು ಮತ್ತೆ ಬಂತು. ಸಚಿವರನ್ನು ತಯಾರಿಸುವ ಶಾಲೆ ಎಲ್ಲೂ ಇಲ್ಲ, ಅಧ್ಯಕ್ಷರನ್ನು ತಯಾರಿಸುವ ಶಾಲೆಯೂ ಇಲ್ಲ ಎಂದು ಕೆನಡಿ ತಳ್ಳಿಹಾಕಿದರು. ಮೆಕ್‌ನಮಾರ ಒಂದು ಷರತ್ತು ಹಾಕಿದರು, ಅದನ್ನು ಕಾಗದದ ಮೇಲೂ ಬರೆದು ತಂದಿದ್ದರು: ತನ್ನ ಕೈಕೆಳಗಿನವರನ್ನು ತಾನೇ ಆರಿಸಬೇಕು. ಕೆನಡಿ ಒಪ್ಪಿದರು. ಚುನಾವಣೆಯಲ್ಲಿ ದುಡಿದ ಮಾಜಿ ಅಧ್ಯಕ್ಷರ ಮಗ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜೂನಿಯರ್ ಅವರಿಗೆ ನೌಕಾಪಡೆಯ ಸಚಿವ ಹುದ್ದೆ ಕೊಡಬೇಕೆಂದು ಕೆನಡಿಗೆ ಆಸೆಯಿತ್ತು; ಮೆಕ್‌ನಮಾರ ಬೇಡವೆಂದರು, ಆಸೆ ಅಲ್ಲಿಗೇ ನಿಂತಿತು.

ವಿದೇಶಾಂಗಕ್ಕೆ ಆಯ್ಕೆಯಾದ ಡೀನ್ ರಸ್ಕ್, ರಾಕ್‌ಫೆಲ್ಲರ್ ಪ್ರತಿಷ್ಠಾನದ ಮುಖ್ಯಸ್ಥರು, ಅವರೂ ಕೆನಡಿಗೆ ಹೆಚ್ಚು ಪರಿಚಿತರಲ್ಲ. ಖಜಾನೆ ಹೋದದ್ದು ರಿಪಬ್ಲಿಕನ್ ಪಕ್ಷದ ಡಗ್ಲಸ್ ಡಿಲನ್ ಅವರಿಗೆ, ಡಾಲರಿನ ಬಗ್ಗೆ ಕಳವಳಗೊಂಡಿದ್ದ ಹಣದ ಪೇಟೆಗೆ ಧೈರ್ಯ ಹೇಳಲು. ಅಟಾರ್ನಿ ಜನರಲ್ ಹುದ್ದೆ ಮಾತ್ರ ತಮ್ಮ ರಾಬರ್ಟ್‌ಗೆ. ಆಗಿನ್ನೂ 35 ವರ್ಷ, ವಕೀಲಿ ವೃತ್ತಿಯ ಅನುಭವ ಅತ್ಯಲ್ಪ. ಟೀಕೆ ಬಂದದ್ದು ಸಹಜ. ಬಂಧುಗಳನ್ನು ನೇಮಿಸುವಂತಿಲ್ಲ ಎಂಬ ಕಾನೂನು 1967ರಲ್ಲಿ ಬಂತು. ಅಪರಿಚಿತರನ್ನೂ ಒಡಹುಟ್ಟಿದವನನ್ನೂ ಒಂದೇ ಸಂಪುಟದಲ್ಲಿ ಕೂರಿಸಿದ ಕೆನಡಿ, ಬಿಕ್ಕಟ್ಟಿನ ಗಳಿಗೆಯಲ್ಲಿ ನೆಚ್ಚಿಕೊಂಡದ್ದು ತಮ್ಮನನ್ನೇ ಎಂಬುದು 1962ರ ಕ್ಯೂಬಾ ಕ್ಷಿಪಣಿ ಪ್ರಕರಣದಲ್ಲಿ ಕಂಡುಬಂತು.

ಅಳೆದು ತೂಗುವ ಕೆಲಸ ಅಮೆರಿಕದಲ್ಲೂ ತಪ್ಪಿದ್ದಲ್ಲ, ತಕ್ಕಡಿ ಬೇರೆ ಅಷ್ಟೆ. 1860ರ ರಿಪಬ್ಲಿಕನ್ ಸಮಾವೇಶದಲ್ಲಿ ತಮ್ಮೆದುರು ಅಭ್ಯರ್ಥಿತನಕ್ಕೆ ಸ್ಪರ್ಧಿಸಿದ್ದ ವಿಲಿಯಂ ಸೀವರ್ಡ್, ಸಾಲ್ಮನ್ ಚೇಸ್, ಎಡ್ವರ್ಡ್ ಬೇಟ್ಸ್, ಸೈಮನ್ ಕ್ಯಾಮರನ್ ನಾಲ್ವರನ್ನೂ ಲಿಂಕನ್ ಸಂಪುಟಕ್ಕೆ ತೆಗೆದುಕೊಂಡರು. ಹಳೆಯ ವಿಗ್ ಪಕ್ಷದವರಿಗೂ ಹಳೆಯ ಡೆಮಾಕ್ರಟರಿಗೂ ಪಾಲು ಸಿಗಬೇಕಿತ್ತು, ಗಡಿರಾಜ್ಯಗಳಿಗೂ ಪ್ರಾತಿನಿಧ್ಯ ಬೇಕಿತ್ತು. ಚೇಸ್ ಬರುವುದನ್ನು ಸಹಿಸದ ಸೀವರ್ಡ್, ಪ್ರಮಾಣವಚನಕ್ಕೆ ಎರಡು ದಿನ ಇರುವಾಗ ತಾನು ಹಿಂದೆ ಸರಿಯುವುದಾಗಿ ಪತ್ರ ಬರೆದರು. ಲಿಂಕನ್ ಜಗ್ಗಲಿಲ್ಲ, ಸೀವರ್ಡ್ ಪತ್ರ ವಾಪಸ್ ಪಡೆದರು. ಈ ಸಂಪುಟವನ್ನು ಈಗ ಎಲ್ಲರೂ ಮಾದರಿಯೆಂದು ಹೊಗಳುತ್ತಾರೆ. ಪೆನ್ಸಿಲ್ವೇನಿಯದ ಬೆಂಬಲಕ್ಕಾಗಿ ಯುದ್ಧ ಸಚಿವರಾದ ಕ್ಯಾಮರನ್ ಇಲಾಖೆಯನ್ನು ಹಾಳುಗೆಡವಿ, ಅಂತರ್ಯುದ್ಧದ ನಡುವೆಯೇ, 1862ರ ಜನವರಿಯಲ್ಲಿ, ಜಾಗ ಖಾಲಿ ಮಾಡಬೇಕಾಯಿತು ಎಂಬುದನ್ನು ಹೊಗಳುವವರು ಮರೆಯುತ್ತಾರೆ.

ಇಪ್ಪತ್ತನೇ ಶತಮಾನದಲ್ಲಿ ತಕ್ಕಡಿಗೆ ಬೇರೆ ಬಟ್ಟುಗಳು ಸೇರಿದವು. ಒಳಾಡಳಿತವೆಂದು ಹೆಸರಾದರೂ ಸರ್ಕಾರಿ ಭೂಮಿ, ಗಣಿಗಳನ್ನು ನೋಡಿಕೊಳ್ಳುವ ಇಂಟೀರಿಯರ್ ಇಲಾಖೆ ಸಾಮಾನ್ಯವಾಗಿ ಪಶ್ಚಿಮದ ರಾಜ್ಯದವರಿಗೆ, ಕೃಷಿ ಇಲಾಖೆ ಹೊಲಗದ್ದೆಯ ರಾಜ್ಯದವರಿಗೆ ಎಂಬುದು ಅಲಿಖಿತ ನಿಯಮವಾಯಿತು. 1933ರಲ್ಲಿ ಕಾರ್ಮಿಕ ಸಚಿವೆಯಾದ ಫ್ರಾನ್ಸೆಸ್ ಪರ್ಕಿನ್ಸ್ ಸಂಪುಟದ ಮೊದಲ ಮಹಿಳೆ. 1966ರಲ್ಲಿ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಗೆ ಬಂದ ರಾಬರ್ಟ್ ವೀವರ್ ಮೊದಲ ಕರಿಯ ಸಚಿವ. 2021ರಲ್ಲಿ ಡೆಬ್ ಹಾಲೆಂಡ್ ಮೂಲನಿವಾಸಿ ಸಮುದಾಯದ ಮೊದಲ ಸಚಿವೆ, ಅದೂ ಮೂಲನಿವಾಸಿಗಳ ಭೂಮಿಯ ಉಸ್ತುವಾರಿ ಹೊತ್ತ ಇಂಟೀರಿಯರ್ ಇಲಾಖೆಗೇ. ವಿರೋಧ ಪಕ್ಷದ ಒಬ್ಬರನ್ನು ಕರೆತರುವ ಪದ್ಧತಿಯೂ ಇತ್ತು. ಜಾರ್ಜ್ ಡಬ್ಲ್ಯು. ಬುಷ್ ಸಂಪುಟದಲ್ಲಿ ಡೆಮಾಕ್ರಟ್ ನಾರ್ಮನ್ ಮಿನೆಟ ಸಾರಿಗೆ ನೋಡಿಕೊಂಡರು. ಬುಷ್ ನೇಮಿಸಿದ್ದ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ ಅವರನ್ನು ಒಬಾಮಾ ಮುಂದುವರಿಸಿದರು. ಈಚೆಗೆ ಆ ಪದ್ಧತಿ ಸವೆದಿದೆ.

ಕೆಲವು ಹುದ್ದೆಗಳಿಗೆ ಕಾನೂನಿನದೇ ಅರ್ಹತೆಗಳಿವೆ. ಸೇನೆ ಬಿಟ್ಟು ಕನಿಷ್ಠ ಏಳು ವರ್ಷ ಕಳೆಯದ ಅಧಿಕಾರಿ ರಕ್ಷಣಾ ಸಚಿವರಾಗುವಂತಿಲ್ಲ. 1947ರ ಮೂಲ ಕಾನೂನಿನಲ್ಲಿ ಅದು ಹತ್ತು ವರ್ಷವಿತ್ತು. ಜಾರ್ಜ್ ಮಾರ್ಷಲ್‌ಗೆ 1950ರಲ್ಲಿ, ಜೇಮ್ಸ್ ಮ್ಯಾಟಿಸ್‌ಗೆ 2017ರಲ್ಲಿ, ಲಾಯ್ಡ್ ಆಸ್ಟಿನ್‌ಗೆ 2021ರಲ್ಲಿ ಕಾಂಗ್ರೆಸ್ ವಿನಾಯಿತಿ ಕೊಟ್ಟಿತು. ನಾಗರಿಕ ಹಿಡಿತದ ಹೆಸರಿನಲ್ಲಿ ಮಾಡಿದ ನಿಯಮಕ್ಕೆ ನಾಲ್ಕು ವರ್ಷದಲ್ಲಿ ಎರಡು ಸಲ ವಿನಾಯಿತಿ ಕೊಟ್ಟಮೇಲೆ ಅದು ನಿಯಮವಾಗಿ ಎಷ್ಟು ಉಳಿದಿದೆ ಎಂಬ ಪ್ರಶ್ನೆ ಸೆನೆಟ್ಟಿನಲ್ಲೇ ಎದ್ದಿತು.

ಹೆಸರು ಹೊಳೆದ ಮೇಲೆ ಕಾಗದಪತ್ರದ ಕೆಲಸ ಶುರು. ಹೊಸ ಅಧ್ಯಕ್ಷರು ತುಂಬಬೇಕಾದ ರಾಜಕೀಯ ಹುದ್ದೆಗಳು ಸುಮಾರು 4,000. ಅವುಗಳಲ್ಲಿ 1,200ಕ್ಕೂ ಹೆಚ್ಚಿನವಕ್ಕೆ ಸೆನೆಟ್ ಒಪ್ಪಿಗೆ ಬೇಕು. ಅಧಿಕಾರ ಹಸ್ತಾಂತರಕ್ಕೆ ಸರ್ಕಾರವೇ ಹಣ, ಕಚೇರಿ ಒದಗಿಸುವ ಕಾನೂನು 1964ರಲ್ಲಿ ಬಂತು. ಅದಕ್ಕೆ ಮೊದಲು ಆ ಖರ್ಚು ಪಕ್ಷದ್ದು, ಇಲ್ಲವೇ ಗೆದ್ದವರ ಜೇಬಿನದು. 2010ರ ತಿದ್ದುಪಡಿಯಿಂದ ಚುನಾವಣೆಗೆ ಮೊದಲೇ ಎರಡೂ ಪಕ್ಷಗಳ ಅಭ್ಯರ್ಥಿಗಳು ತಯಾರಿ ತಂಡ ಕಟ್ಟಿಕೊಳ್ಳಬಹುದು. ಗೆಲ್ಲುವ ಮೊದಲೇ ಕುರ್ಚಿ ಅಳೆಯುವುದು ಸೊಕ್ಕೆನಿಸೀತೆಂದು ಹಿಂದೆ ಅಭ್ಯರ್ಥಿಗಳು ಇದನ್ನು ಮುಚ್ಚಿಡುತ್ತಿದ್ದರು. 2000ದಲ್ಲಿ ಫ್ಲೋರಿಡಾದ ಮತ ಎಣಿಕೆಯ ಕದನ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಎಳೆದು, ಬುಷ್ ತಂಡಕ್ಕೆ ಸಿಕ್ಕ ಕಾಲ ಅರ್ಧಕ್ಕಿಳಿಯಿತು. ಭದ್ರತೆಗೆ ಸಂಬಂಧಿಸಿದ ನೇಮಕಗಳು ತಡವಾಗಿದ್ದನ್ನು 2001ರ ಸೆಪ್ಟೆಂಬರ್ 11ರ ದಾಳಿಯ ತನಿಖಾ ಆಯೋಗ ಎತ್ತಿ ತೋರಿಸಿತು. ಹಾಗಿದ್ದೂ 2020ರಲ್ಲಿ ಬೈಡನ್ ಗೆಲುವನ್ನು ಗುರುತಿಸುವ ಸರ್ಕಾರಿ ಪತ್ರ ಹೊರಬಿದ್ದದ್ದು ನವೆಂಬರ್ 23ಕ್ಕೆ.

ಅಭ್ಯರ್ಥಿ ತುಂಬಬೇಕಾದ ಕಾಗದಗಳಲ್ಲಿ ಮುಖ್ಯವಾದವು ಎರಡು. ಒಂದು ಭದ್ರತಾ ಅರ್ಜಿ: ವಾಸವಿದ್ದ ಮನೆಗಳು, ವಿದೇಶ ಪ್ರಯಾಣ, ವಿದೇಶಿ ಸ್ನೇಹಿತರು, ಸಾಲ, ಮಾದಕವಸ್ತು, ಪೊಲೀಸ್ ಪ್ರಕರಣ, ಎಲ್ಲವನ್ನೂ ಬರೆಯಬೇಕು, ಎಫ್‌ಬಿಐ ಅಧಿಕಾರಿಗಳು ನೆರೆಹೊರೆಯವರನ್ನು, ಹಳೆಯ ಸಹೋದ್ಯೋಗಿಗಳನ್ನು ವಿಚಾರಿಸುತ್ತಾರೆ. ಇನ್ನೊಂದು ಆಸ್ತಿ ವಿವರ. 1978ರ ನೈತಿಕತೆ ಕಾನೂನು ಬಂದಂದಿನಿಂದ ಇದು ಸಾರ್ವಜನಿಕ ದಾಖಲೆ. ಹುದ್ದೆಗೂ ಹೂಡಿಕೆಗೂ ಘರ್ಷಣೆ ಕಂಡರೆ ಷೇರು ಮಾರಬೇಕು. 2006ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಬಿಟ್ಟು ಖಜಾನೆಗೆ ಬಂದ ಹೆನ್ರಿ ಪಾಲ್ಸನ್ ಸುಮಾರು 50 ಕೋಟಿ ಡಾಲರ್ ಬೆಲೆಯ ಷೇರು ಮಾರಿದರು. ಹೀಗೆ ಮಾರುವವರಿಗೆ ಲಾಭದ ಮೇಲಿನ ತೆರಿಗೆ ಮುಂದೂಡುವ ಸವಲತ್ತನ್ನು ಕಾನೂನೇ ಕೊಡುತ್ತದೆ. ಐಸೆನ್‌ಹೋವರ್ ಕಾಲದಲ್ಲಿ ರಕ್ಷಣಾ ಸಚಿವ ಹುದ್ದೆಗೆ ಆಯ್ಕೆಯಾದ ಜನರಲ್ ಮೋಟರ್ಸ್‌ನ ಚಾರ್ಲ್ಸ್ ವಿಲ್ಸನ್ ತಮ್ಮ ಷೇರು ಬಿಡಲು ಮೊದಲು ಒಪ್ಪಲಿಲ್ಲ. ಸೆನೆಟ್ ಸಮಿತಿ ಪಟ್ಟು ಹಿಡಿದ ಮೇಲೆ ಮಾರಿದರು. ಕಂಪನಿಯ ಹಿತಕ್ಕೂ ದೇಶದ ಹಿತಕ್ಕೂ ವ್ಯತ್ಯಾಸವಿಲ್ಲ ಎಂಬರ್ಥದ ಅವರ ಮಾತು ಇಂದಿಗೂ ಅವರ ಬೆನ್ನುಬಿಟ್ಟಿಲ್ಲ. ಆ ಸಂಪುಟವನ್ನು ಎಂಟು ಕೋಟ್ಯಧೀಶರು, ಒಬ್ಬ ಕೊಳಾಯಿ ಕೆಲಸಗಾರ ಎಂದು ಪತ್ರಿಕೆಯೊಂದು ಗೇಲಿ ಮಾಡಿತ್ತು. ಕೊಳಾಯಿಯವರೆಂದರೆ ಆ ವೃತ್ತಿಯ ಕಾರ್ಮಿಕ ಸಂಘದ ನಾಯಕ, ಕಾರ್ಮಿಕ ಸಚಿವ ಮಾರ್ಟಿನ್ ಡರ್ಕಿನ್. ಅವರು ವರ್ಷವೂ ತುಂಬದೆ ರಾಜೀನಾಮೆ ಕೊಟ್ಟರು.

ಜರಡಿಯಲ್ಲಿ ಉಳಿಯದವರು ಹೆಚ್ಚಾಗಿ ಸೋತಿರುವುದು ದೊಡ್ಡ ಹಗರಣಗಳಲ್ಲಿ ಅಲ್ಲ, ಮನೆಯ ಲೆಕ್ಕದಲ್ಲಿ. ಕ್ರಿಸ್ಮಸ್‌ಗೆ ಮೊದಲೇ ಸಂಪುಟ ಮುಗಿಸುತ್ತೇನೆಂದು ಬಿಲ್ ಕ್ಲಿಂಟನ್ 1992ರಲ್ಲಿ ಗಡುವು ಹಾಕಿಕೊಂಡರು. ಅಟಾರ್ನಿ ಜನರಲ್ ಹುದ್ದೆಗೆ ಆಯ್ಕೆಯಾದ ಜೋಯಿ ಬೇರ್ಡ್, ದಾಖಲೆಗಳಿಲ್ಲದ ವಲಸಿಗರನ್ನು ಮಗುವಿನ ಆರೈಕೆಯೂ ಸೇರಿ ಮನೆಗೆಲಸಕ್ಕೆ ಇಟ್ಟುಕೊಂಡಿದ್ದನ್ನೂ ಅವರ ಸಾಮಾಜಿಕ ಭದ್ರತಾ ತೆರಿಗೆ ಕಟ್ಟದಿದ್ದನ್ನೂ ಕ್ಲಿಂಟನ್ ತಂಡಕ್ಕೆ ಮೊದಲೇ ತಿಳಿಸಿದ್ದರು. ಇದೇನು ಮಹಾ ಎಂದುಕೊಂಡ ತಂಡ ಮುಂದುವರಿಯಿತು. ಸುದ್ದಿ ಹೊರಬಿದ್ದಾಗ ಸೆನೆಟರುಗಳ ಕಚೇರಿಗಳಿಗೆ ಜನರ ಫೋನ್ ಕರೆಗಳು ಹರಿದುಬಂದವು. ಸಂಬಳದಲ್ಲಿ ಮಕ್ಕಳನ್ನೂ ಸಂಸಾರವನ್ನೂ ಸಾಗಿಸುತ್ತಿದ್ದವರಿಗೆ ಶ್ರೀಮಂತ ವಕೀಲೆ ತೆರಿಗೆ ಕಟ್ಟದಿದ್ದದ್ದು ಚುಚ್ಚಿತ್ತು. ಜನವರಿ 22ರಂದು ಬೇರ್ಡ್ ಹಿಂದೆ ಸರಿದರು. ನಂತರ ಪರಿಗಣನೆಗೆ ಬಂದ ನ್ಯಾಯಾಧೀಶೆ ಕಿಂಬಾ ವುಡ್ ಅವರೂ ಅಂಥವರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು, ಆದರೆ ಕಾನೂನು ಮುರಿದಿರಲಿಲ್ಲ, ತೆರಿಗೆಯನ್ನೂ ಕಟ್ಟಿದ್ದರು. ವಿಷಯದ ಹೋಲಿಕೆಯೇ ಅವರಿಗೆ ಮುಳುವಾಯಿತು. ಕೊನೆಗೆ ಮಾರ್ಚ್‌ನಲ್ಲಿ ಜಾನೆಟ್ ರೆನೊ ಅವರನ್ನು ಸೆನೆಟ್ 98-0 ಮತಗಳಿಂದ ಒಪ್ಪಿತು. ಆ ಹುದ್ದೆಗೆ ಹಿಂದೆ ಬಂದ ಗಂಡಸರನ್ನು, ಅವರ ಮಕ್ಕಳನ್ನು ನೋಡಿಕೊಂಡವರು ಯಾರೆಂದು ಯಾರೂ ಕೇಳಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

2009ರಲ್ಲಿ ಒಬಾಮಾ ಆರೋಗ್ಯ ಸುಧಾರಣೆಯ ಹೊಣೆಯನ್ನು ಸೆನೆಟ್ಟಿನ ಮಾಜಿ ನಾಯಕ ಟಾಮ್ ಡ್ಯಾಶಲ್‌ಗೆ ವಹಿಸಹೊರಟರು. ಗೆಳೆಯರೊಬ್ಬರು ಒದಗಿಸಿದ್ದ ಕಾರು, ಚಾಲಕನ ಸೇವೆಯನ್ನು ಆದಾಯವೆಂದು ತೋರಿಸದೆ, ಬಡ್ಡಿ ಸೇರಿ ಸುಮಾರು 1,40,000 ಡಾಲರ್ ತೆರಿಗೆ ಬಾಕಿ ಉಳಿದಿತ್ತು. ಕಟ್ಟಿದರೂ ಉಳಿಗಾಲವಾಗಲಿಲ್ಲ. ಅದೇ ದಿನಗಳಲ್ಲಿ ತೆರಿಗೆ ಬಾಕಿಯ ಆರೋಪ ಹೊತ್ತೇ ಟಿಮೊತಿ ಗೈಟ್ನರ್ ಖಜಾನೆಗೆ, ತೆರಿಗೆ ಇಲಾಖೆಯ ಮೇಲಧಿಕಾರಕ್ಕೆ, ಬಂದರು. ಬ್ಯಾಂಕುಗಳು ಕುಸಿಯುತ್ತಿದ್ದ ಹೊತ್ತಿನಲ್ಲಿ ಅವರನ್ನು ಬಿಡಲು ಸೆನೆಟ್‌ಗೆ ಧೈರ್ಯವಿರಲಿಲ್ಲ. ತಪ್ಪಿನ ಗಾತ್ರಕ್ಕಿಂತ ತಪ್ಪು ಬಯಲಾದ ವಾರ ಯಾವುದು ಎಂಬುದೇ ಹಲವು ಸಲ ಫಲಿತಾಂಶ ನಿರ್ಧರಿಸುತ್ತದೆ.

ಸೆನೆಟ್ ಸ್ವತಃ ಮತಕ್ಕೆ ಹಾಕಿ ತಿರಸ್ಕರಿಸಿದ್ದು ಅತಿ ವಿರಳ. ಎರಡು ಶತಮಾನಕ್ಕೂ ಹೆಚ್ಚಿನ ಇತಿಹಾಸದಲ್ಲಿ ಹಾಗೆ ಸೋತವರು ಒಂಬತ್ತೇ ಜನ, ಅವರಲ್ಲಿ ನಾಲ್ವರು ಸ್ವಪಕ್ಷದವರೊಂದಿಗೇ ಕಾದಾಡಿದ ಜಾನ್ ಟೈಲರ್ ಹೆಸರಿಸಿದವರು. ಟೈಲರ್ 1843ರ ಮಾರ್ಚ್ 3ರಂದು ಕೇಲಬ್ ಕುಶಿಂಗ್ ಹೆಸರನ್ನು ಖಜಾನೆಗೆ ಒಂದೇ ದಿನ ಮೂರು ಸಲ ಕಳಿಸಿದರು. ಸೆನೆಟ್ ಮೂರು ಸಲವೂ ತಿರಸ್ಕರಿಸಿತು.

1925ರ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಕೂಲಿಜ್ ಅವರು ಅಟಾರ್ನಿ ಜನರಲ್ ಹುದ್ದೆಗೆ ಸಕ್ಕರೆ ಉದ್ಯಮದ ನಂಟಿದ್ದ ಚಾರ್ಲ್ಸ್ ವಾರೆನ್ ಹೆಸರು ಕಳಿಸಿದ್ದರು. ಏಕಸ್ವಾಮ್ಯ ಕಂಪನಿಗಳ ಮೇಲೆ ಮೊಕದ್ದಮೆ ಹೂಡಬೇಕಾದವರೇ ಆ ಬಣದವರಾದರೆ ಹೇಗೆ ಎಂಬುದು ವಿರೋಧಿಗಳ ತಕರಾರು. ಮಾರ್ಚ್ 10ರಂದು ಭಾಷಣಕಾರರ ಪಟ್ಟಿ ಉದ್ದವಿತ್ತು, ಅಂದು ಮತದಾನವಾಗದೆಂದು ನಂಬಿ ಉಪಾಧ್ಯಕ್ಷ ಚಾರ್ಲ್ಸ್ ಡಾಸ್ ವಿಲರ್ಡ್ ಹೋಟೆಲಿಗೆ ಹೋಗಿ ಮಲಗಿದರು. ಪಟ್ಟಿಯಲ್ಲಿದ್ದ ಬಹುತೇಕರು ಮಾತು ಬೇಡವೆಂದರು. ಮತ ಎಣಿಸಿದಾಗ 40-40. ಉಪಾಧ್ಯಕ್ಷರ ಒಂದು ಮತ ಸಾಕಿತ್ತು. ಎಬ್ಬಿಸಿ ಟ್ಯಾಕ್ಸಿ ಹತ್ತಿಸಿ ಕರೆತರುವಷ್ಟರಲ್ಲಿ, ವಾರೆನ್ ಪರ ನಿಂತಿದ್ದ ಒಬ್ಬನೇ ಒಬ್ಬ ಡೆಮಾಕ್ರಟ್ ಸೆನೆಟರ್ ಓವರ್‌ಮನ್ ಮನಸ್ಸು ಬದಲಿಸಿದ್ದರು. ವಾರೆನ್ 39-41ರಲ್ಲಿ ಸೋತರು. ಕೂಲಿಜ್ ಹಠ ಬಿಡದೆ ಅದೇ ಹೆಸರು ಮತ್ತೆ ಕಳಿಸಿದರು. ಈ ಸಲ ಅಂತರ ಇನ್ನೂ ಹೆಚ್ಚಾಯಿತು.

ಕೊನೆಯ ತಿರಸ್ಕಾರ 1989ರದು. ಹಿರಿಯ ಬುಷ್ ಅವರು ರಕ್ಷಣಾ ಇಲಾಖೆಗೆ ಹೆಸರಿಸಿದ ಟೆಕ್ಸಾಸ್‌ನ ಜಾನ್ ಟವರ್ ಸ್ವತಃ ಸೆನೆಟರಾಗಿದ್ದವರು, ಸಶಸ್ತ್ರ ಪಡೆಗಳ ಸಮಿತಿಯ ಅಧ್ಯಕ್ಷತೆ ವಹಿಸಿದ್ದವರು. ಕುಡಿತದ ಆರೋಪ, ರಕ್ಷಣಾ ಗುತ್ತಿಗೆದಾರರ ನಂಟು ಸೇರಿ 47-53ರಲ್ಲಿ ಸೋತರು. ಬದಲಿಗೆ ಬಂದ ಪ್ರತಿನಿಧಿ ಸಭೆಯ ಸದಸ್ಯ ಡಿಕ್ ಚೇನಿ ಹೆಸರು ಒಂದೇ ವಾರದಲ್ಲಿ ಅವಿರೋಧವಾಗಿ ದಾಟಿತು. ಅಂದು ರಕ್ಷಣಾ ಸಚಿವರಾಗದಿದ್ದರೆ ಚೇನಿ ಪ್ರತಿನಿಧಿ ಸಭೆಯಲ್ಲೇ ಮೇಲೇರುತ್ತಿದ್ದರೇನೋ.

ಅಂದಿನಿಂದ ಸೆನೆಟ್ ಯಾವ ಸಂಪುಟ ಹೆಸರನ್ನೂ ಮತದಲ್ಲಿ ಸೋಲಿಸಿಲ್ಲ. ಸೋಲುವವರು ಮತದ ಮೊದಲೇ ಹಿಂದೆ ಸರಿಯುತ್ತಾರೆ. 2013ರ ನವೆಂಬರ್‌ನಲ್ಲಿ ಸೆನೆಟ್ ತನ್ನ ನಿಯಮ ಬದಲಿಸಿ, ನೇಮಕದ ಚರ್ಚೆ ನಿಲ್ಲಿಸಲು 60 ಮತದ ಬದಲು ಸರಳ ಬಹುಮತ ಸಾಕೆಂದಿತು. ಇದರ ಫಲಾನುಭವಿಗಳಲ್ಲಿ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ವೈದ್ಯ ವಿವೇಕ್ ಮೂರ್ತಿಯೂ ಒಬ್ಬರು. ಅವರ ಸರ್ಜನ್ ಜನರಲ್ ಹುದ್ದೆ ಸಂಪುಟದ್ದಲ್ಲವಾದರೂ ಹಾದಿ ಅದೇ. ಬಂದೂಕಿನ ಹಿಂಸೆ ಆರೋಗ್ಯದ ಸಮಸ್ಯೆಯೆಂದು ಹೇಳಿದ್ದಕ್ಕೆ ಬಂದೂಕು ಪರ ಸಂಘಟನೆ ಎದ್ದು ನಿಂತು, ಒಬಾಮಾ ಪಕ್ಷದವರೇ ಹಿಂಜರಿದು, ಹೆಸರು ಒಂದು ವರ್ಷಕ್ಕೂ ಮೀರಿ ತೂಗಾಡಿತು. 2014ರ ಡಿಸೆಂಬರ್ 15ರಂದು 51-43ರಲ್ಲಿ ಅವರು ಗೆದ್ದರು. ಹಳೆಯ ನಿಯಮವಿದ್ದಿದ್ದರೆ ಆ 51 ಮತ ಸಾಲುತ್ತಿರಲಿಲ್ಲ. 2021ರಲ್ಲಿ ಬೈಡನ್ ಅವರನ್ನೇ ಮತ್ತೆ ಆರಿಸಿದರು.

ಸರಳ ಬಹುಮತ ಬಂದ ಮೇಲೆ ಅಧ್ಯಕ್ಷರ ಪಕ್ಷವೇ ಸೆನೆಟ್ಟಿನಲ್ಲೂ ಇದ್ದರೆ ವಿರೋಧಿಗಳಿಗೆ ಹೆಚ್ಚು ಕೆಲಸವಿಲ್ಲ. 2017ರಲ್ಲಿ ಶಿಕ್ಷಣ ಸಚಿವೆ ಬೆಟ್ಸಿ ಡೆವೋಸ್‌ಗಾಗಿ ಉಪಾಧ್ಯಕ್ಷರು ನಿರ್ಣಾಯಕ ಮತ ಹಾಕಿದರು. ಸಂಪುಟದ ಹೆಸರಿಗೆ ಹಾಗಾದದ್ದು ಇತಿಹಾಸದಲ್ಲೇ ಮೊದಲು. 2025ರ ಜನವರಿ 24ರಂದು ರಕ್ಷಣಾ ಸಚಿವ ಪೀಟ್ ಹೆಗ್ಸೆತ್‌ಗಾಗಿ ಎರಡನೇ ಸಲ. ಟ್ರಂಪ್ ತಂಡ 2024ರಲ್ಲಿ ಹಸ್ತಾಂತರದ ಸರ್ಕಾರಿ ಹಣವನ್ನು ಒಲ್ಲೆನೆಂದಿತು, ಹೆಸರುಗಳನ್ನು ಸಾಮಾಜಿಕ ಜಾಲತಾಣದಲ್ಲಿ ಬೇಗಬೇಗ ಪ್ರಕಟಿಸಿತು. ಎಫ್‌ಬಿಐ ತಪಾಸಣೆಗೆ ದಾರಿ ಮಾಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಡಿಸೆಂಬರ್ 3ರಂದು, ಬಹುತೇಕ ಹೆಸರುಗಳು ಹೊರಬಿದ್ದ ಮೇಲೆ. ಅಟಾರ್ನಿ ಜನರಲ್ ಹುದ್ದೆಗೆ ನವೆಂಬರ್ 13ರಂದು ಹೆಸರಿಸಿದ ಮ್ಯಾಟ್ ಗೇಟ್ಸ್ ಎಂಟೇ ದಿನದಲ್ಲಿ ಹಿಂದೆ ಸರಿದರು. ತಮ್ಮ ಪಕ್ಷದ ಕೆಲವು ಸೆನೆಟರುಗಳು ಮತ ಕೊಡುವುದಿಲ್ಲವೆಂಬುದು ಅವರಿಗೆ ಮನದಟ್ಟಾಗಿತ್ತು. ತಪಾಸಣೆ ಮಾಡಿ ಹೆಸರಿಸುವುದಕ್ಕೂ ಹೆಸರಿಸಿ ತಪಾಸಣೆಗೆ ಒಡ್ಡುವುದಕ್ಕೂ ಇರುವ ವ್ಯತ್ಯಾಸ ಇಷ್ಟೆ: ಎರಡನೆಯದರಲ್ಲಿ ಎಲ್ಲವೂ ಊರೆದುರು ನಡೆಯುತ್ತದೆ.

ಮೇಲಿನ ಹದಿನೈದು ಹೆಸರುಗಳು ಪತ್ರಿಕೆಗಳ ಮುಖಪುಟ ತುಂಬುತ್ತವೆ. ಇಲಾಖೆ ನಡೆಯುವುದು ಅವರ ಕೆಳಗಿನ ಉಪ ಸಚಿವರು, ಸಹಾಯಕ ಸಚಿವರಿಂದ. ಮೆಕ್‌ನಮಾರ ಷರತ್ತಿನ ಅರ್ಥ ಇದೇ. ಕಾರ್ಟರ್ ಆ ಆಯ್ಕೆಯನ್ನು ಸಚಿವರಿಗೇ ಬಿಟ್ಟುಕೊಟ್ಟರು. ಎರಡೂವರೆ ವರ್ಷದಲ್ಲಿ ಇಲಾಖೆಗಳು ತಮ್ಮ ಮಾತು ಕೇಳುತ್ತಿಲ್ಲವೆನಿಸಿ 1979ರ ಜುಲೈನಲ್ಲಿ ಇಡೀ ಸಂಪುಟದ ರಾಜೀನಾಮೆ ಕೇಳಿ ಐವರನ್ನು ಕಳಿಸಿಕೊಟ್ಟರು. ರೇಗನ್ ತಂಡ ಇದರಿಂದ ಪಾಠ ಕಲಿತು, ವೃತ್ತಿಯಿಂದಲೇ ಅಧಿಕಾರಿಗಳನ್ನು ಹುಡುಕಿಕೊಡುವ ಪೆಂಡಲ್ಟನ್ ಜೇಮ್ಸ್ ಅವರ ಮೂಲಕ ಕೆಳಗಿನ ಹುದ್ದೆಗಳನ್ನೂ ಶ್ವೇತಭವನದಿಂದಲೇ ತುಂಬಿತು. ನಂತರದವರೆಲ್ಲ ಹೆಚ್ಚುಕಡಿಮೆ ಇದೇ ದಾರಿ ಹಿಡಿದರು.

ಶ್ವೇತಭವನದ ಸಿಬ್ಬಂದಿಯೇ ಇನ್ನೊಂದು ಪ್ರಬಲ ಪಾಳೆಯ. 1939ರಲ್ಲಿ ಅಧ್ಯಕ್ಷರ ಕಾರ್ಯಾಲಯ ಸ್ಥಾಪನೆಯಾದ ಮೇಲೆ ಬೆಳೆದ ಈ ವ್ಯವಸ್ಥೆಯಲ್ಲಿ ಮುಖ್ಯ ಸಿಬ್ಬಂದಿ ಅಧಿಕಾರಿಗೂ ರಾಷ್ಟ್ರೀಯ ಭದ್ರತಾ ಸಲಹೆಗಾರರಿಗೂ ಸೆನೆಟ್ ಒಪ್ಪಿಗೆ ಬೇಕಿಲ್ಲ. ನಿಕ್ಸನ್ 1968ರ ಡಿಸೆಂಬರ್ 11ರಂದು ಹನ್ನೆರಡೂ ಸಚಿವರನ್ನು ಒಟ್ಟಿಗೆ ಟಿವಿಯ ಮುಂದೆ ನಿಲ್ಲಿಸಿ, ಇವರು ಹೌದಪ್ಪಗಳಲ್ಲ ಎಂದು ಪರಿಚಯಿಸಿದರು. ಆ ನಾಲ್ಕು ವರ್ಷ ಅಧಿಕಾರ ಇದ್ದದ್ದು ಶ್ವೇತಭವನದ ಸಿಬ್ಬಂದಿಯಾಗಿದ್ದ ಹಾಲ್ಡಮನ್, ಎರ್ಲಿಕ್‌ಮನ್, ಕಿಸಿಂಜರ್ ಕೈಯಲ್ಲಿ. 1972ರಲ್ಲಿ ಭರ್ಜರಿಯಾಗಿ ಗೆದ್ದ ಮರುದಿನವೇ ಸಚಿವರೆಲ್ಲರ ರಾಜೀನಾಮೆ ಕೇಳಲಾಯಿತು.

ಸೆನೆಟ್ಟನ್ನು ಬಳಸಿ ಹೋಗುವ ಹಾದಿಗಳೂ ಇವೆ. ಸದನ ಬಿಡುವಿನಲ್ಲಿದ್ದಾಗ ಅಧ್ಯಕ್ಷರು ತಾತ್ಕಾಲಿಕ ನೇಮಕ ಮಾಡಬಹುದು. ಹತ್ತು ದಿನಕ್ಕಿಂತ ಕಡಿಮೆ ಬಿಡುವು ಸಾಮಾನ್ಯವಾಗಿ ಸಾಲದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ ಮೇಲೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. 1998ರ ಕಾನೂನಿನಡಿ ಪ್ರಭಾರ ಸಚಿವರನ್ನು ಕೂರಿಸಬಹುದು: ಸಾಮಾನ್ಯವಾಗಿ 210 ದಿನ, ಹೊಸ ಆಡಳಿತದ ಆರಂಭದಲ್ಲಿ 300 ದಿನ. ಒಳನಾಡು ಭದ್ರತಾ ಇಲಾಖೆ 2019ರ ಏಪ್ರಿಲ್‌ನಿಂದ ಟ್ರಂಪ್ ಮೊದಲ ಅವಧಿ ಮುಗಿಯುವವರೆಗೂ ಪ್ರಭಾರಿಗಳ ಕೈಯಲ್ಲೇ ಇತ್ತು. ಪ್ರಭಾರಿಗಳನ್ನು ಯಾವಾಗ ಬೇಕಾದರೂ ಬದಲಿಸಬಹುದಾದ್ದರಿಂದ ಅವರೇ ತಮಗೆ ಇಷ್ಟವೆಂದು ಟ್ರಂಪ್ ಮುಚ್ಚುಮರೆಯಿಲ್ಲದೆ ಹೇಳಿದ್ದೂ ಉಂಟು.

ಸಚಿವರಾದವರಿಗೆ ಒಟ್ಟಾಗಿ ಚಲಾಯಿಸಬಹುದಾದ ಸಾಂವಿಧಾನಿಕ ಅಧಿಕಾರ ಒಂದೇ ಒಂದಿದೆ. 1967ರ 25ನೇ ತಿದ್ದುಪಡಿಯ ನಾಲ್ಕನೇ ಭಾಗದ ಪ್ರಕಾರ ಉಪಾಧ್ಯಕ್ಷರೂ ಇಲಾಖಾ ಮುಖ್ಯಸ್ಥರಲ್ಲಿ ಬಹುಮತದವರೂ ಸೇರಿ, ಅಧ್ಯಕ್ಷರು ಕರ್ತವ್ಯ ನಿರ್ವಹಿಸಲು ಅಶಕ್ತರೆಂದು ಘೋಷಿಸಬಹುದು. ಅಧಿಕಾರ ಆ ಕ್ಷಣವೇ ಉಪಾಧ್ಯಕ್ಷರ ಕೈಗೆ ಹೋಗುತ್ತದೆ. ಅಧ್ಯಕ್ಷರು ಆಕ್ಷೇಪಿಸಿದರೆ ತೀರ್ಮಾನ ಕಾಂಗ್ರೆಸ್ಸಿನದು, ಅಲ್ಲಿ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಈ ಭಾಗ ಇದುವರೆಗೆ ಬಳಕೆಯಾಗಿಲ್ಲ. ಸೆನೆಟ್ ಒಪ್ಪಿಗೆ ಪಡೆಯದ ಪ್ರಭಾರ ಸಚಿವರ ಮತ ಆ ಎಣಿಕೆಗೆ ಸೇರುತ್ತದೆಯೇ ಎಂಬ ಬಗ್ಗೆ ಕಾನೂನು ಪಂಡಿತರಲ್ಲಿ ಒಮ್ಮತವಿಲ್ಲ, ಯಾವ ನ್ಯಾಯಾಲಯವೂ ತೀರ್ಪು ಕೊಟ್ಟಿಲ್ಲ.